ಕತ್ತೆಯ ಒತ್ತು

ಮುದ್ರಣಾಲಯದಲ್ಲಿ ಎಲ್ಲರೂ ಆಕೆಯನ್ನು ಕರೆಯುತ್ತಿದ್ದುದು ಒತ್ತಕ್ಕ ಎಂದೇ. ಮೂವತ್ತೊಂದು ವರ್ಷ ಕರಡು ತಿದ್ದಿದವಳು. ಅಕ್ಷರದ ಕಾಲಡಿಯ ಒತ್ತು ತಪ್ಪಿತೋ, "ಇದರ ಒತ್ತನ್ನೇನು ಇಲಿ ಕಚ್ಕೊಂಡು ಹೋಯ್ತಾ?" ಎಂದು ಇಡೀ ಕೋಣೆಗೆ ಕೇಳುವಂತೆ ರೇಗುತ್ತಿದ್ದಳು. ಹೆಸರು ಹಾಗೆ ಅಂಟಿಕೊಂಡಿತು. ಒಳಗೊಳಗೇ ಆಕೆಗೂ ಅದು ಇಷ್ಟವಾಗಿತ್ತು.

ಆಮೇಲೆ ಕರಡು ಕಾಗದದ ಮೇಲೆ ಬರುವುದು ನಿಂತಿತು. ಮನೆಯಲ್ಲೇ ಕಂಪ್ಯೂಟರಿನಲ್ಲಿ ಓದಿ ಎಂದು ಮಾಲೀಕರು ಅಂಗೈಯಗಲದ ಪರದೆಯ ಲ್ಯಾಪ್‌ಟಾಪ್ ಕೊಟ್ಟು ಕಳಿಸಿದರು. ಆಕೆ ಮೂಗು ತಾಗಿಸಿಕೊಂಡು ಓದುವುದನ್ನು ನೋಡಲಾರದೆ ಗಂಡ, ನಿವೃತ್ತ ಬಸ್ ಕಂಡಕ್ಟರ್, ಗೋಡೆಯ ಟೀವಿಯನ್ನೇ ಇಳಿಸಿ ಅವಳ ಮೇಜಿನ ಮೇಲೆ ಕೂರಿಸಿ ವೈರು ಸಿಕ್ಕಿಸಿದ. "ಕ್ರಿಕೆಟ್ ರೇಡಿಯೋದಲ್ಲೂ ಬರುತ್ತೆ. ನಿನಗೆ ಅಕ್ಷರ ದೊಡ್ಡದಾಗಿ ಕಾಣಲಿ." ಆ ಮನುಷ್ಯ ಆಟ ಬಿಟ್ಟುಕೊಡುವುದೆಂದರೆ ಸಾಮಾನ್ಯದ ಮಾತಲ್ಲ.

ತಿಂಗಳೊಳಗೆ ಮಾಲೀಕರ ಫೋನ್ ಬಂತು. "ನೀವು ತಿದ್ದಿಕೊಟ್ರಲ್ಲ, ಆ ಹೆಡ್ಮೇಷ್ಟ್ರ ಆತ್ಮಕತೆ, ಅದರ ಮೊದಲನೇ ಸಾಲು ನೋಡಿ ಅಕ್ಕಾ." 'ಇದು ನನ್ನ ಕತೆ' ಎಂದಿರಬೇಕಾದಲ್ಲಿ 'ಇದು ನನ್ನ ಕತ್ತೆ' ಎಂದಿತ್ತಂತೆ! "ಪುಣ್ಯಕ್ಕೆ ಅಚ್ಚಿಗೆ ಹೋಗೋ ಮುಂಚೆ ಸಿಕ್ತು. ಇನ್ನೊಂದ್ಸಲ ಓದಿಕೊಡಿ. ಮತ್ತೆ ಹೀಗಾದ್ರೆ... ಕಣ್ಣಿಗೂ ವಯಸ್ಸಾಗುತ್ತಲ್ಲ, ಬೇರೆ ಯಾರನ್ನಾದ್ರೂ ನೋಡ್ತೀನಿ."

ಊರೆಲ್ಲ ನಗುವಂಥ ತಪ್ಪು, ಆಕೆಗೆ ಮಾತ್ರ ನಗು ಬರಲಿಲ್ಲ. ಒತ್ತು ಕಾಣದ ಒತ್ತಕ್ಕ ಯಾರಿಗೆ ಬೇಕು?

ನೇರ ಕನ್ನಡಕದಂಗಡಿಗೆ ಹೋದಳು. ಇಪ್ಪತ್ತು ವರ್ಷದಿಂದ ಆಕೆಗೆ ಕನ್ನಡಕ ಮಾಡಿಕೊಡುತ್ತಿದ್ದ ಅಂಗಡಿಯವನು ಗಾಜು ಬದಲಿಸಿ ಬದಲಿಸಿ ನೋಡಿದ. "ನಂಬರ್ ಕೂದಲೆಳೆಯಷ್ಟೂ ಬದಲಾಗಿಲ್ಲ. ನೀವು ಓದ್ತಿರೋದು ಯಾವುದರಲ್ಲಿ?" ಎಂದು ಕೇಳಿ, ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಅವಳ ಜೊತೆಗೇ ಮನೆಗೆ ಬಂದ. ಟೀವಿಯ ಮುಂದೆ ಕೂತು ಕಣ್ಣು ಕಿರಿದು ಮಾಡಿದ.

"ಇದು ದೂರದಿಂದ ನೋಡೋ ಸಾಮಾನು. ಹತ್ತಿರ ಕೂತ್ರೆ ಸಣ್ಣ ಗೆರೆ ಎಲ್ಲ ಕಲಸಿಹೋಗುತ್ತೆ. ನನಗೂ ಕತ್ತೆ ಕತೆಯಾಗೇ ಕಾಣ್ತಿದೆ!"

ಒತ್ತಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಗಂಡನ ಮುಖ ಸಪ್ಪಗಾಗಿತ್ತು. "ನೋಡು, ನಿನ್ನ ಕೆಲಸಕ್ಕೆ ನಾನೇ ಕಲ್ಲು ಹಾಕಿದೆ," ಎಂದ.

"ತಪ್ಪು ಟೀವಿದು, ನಿಮ್ಮದಲ್ಲ. ಏಳಿ, ಕಂಪ್ಯೂಟರ್ ಅಂಗಡಿಗೆ ಹೋಗೋಣ."

ಅಂಗಡಿಯ ಹುಡುಗಿ ಒಂದೊಂದು ಮಾನಿಟರಿನಲ್ಲೂ ಓಡುವ ಕಾರು, ಹಾರುವ ಗಿಳಿ ತೋರಿಸಿದಳು. ಒತ್ತಕ್ಕ ಕೀಬೋರ್ಡು ಎಳೆದುಕೊಂಡು ಎಲ್ಲದರಲ್ಲೂ ಒಂದೇ ಸಾಲು ಕುಟ್ಟಿದಳು: ಕತೆ, ಕತ್ತೆ, ರಾಷ್ಟ್ರ, ಸ್ವಾತಂತ್ರ್ಯ. ಒಂದರಲ್ಲಿ ರಾಷ್ಟ್ರದ ಎರಡು ಒತ್ತು ಅಂಟಿಕೊಂಡಿದ್ದವು. ಇನ್ನೊಂದರಲ್ಲಿ ಕಿಟಕಿಯ ಬೆಳಕು ಬಿದ್ದು ತನ್ನ ಮುಖವೇ ಕಂಡಿತು. ಐದನೆಯದರ ಮುಂದೆ ಆಕೆ ಅಲ್ಲಾಡದೆ ನಿಂತಳು.

"ಇದನ್ನೇ ಕೊಡಮ್ಮ. ಇದರಲ್ಲಿ ಕತ್ತೆ ಚೆನ್ನಾಗಿದೆ."

ಹುಡುಗಿ ಪರದೆಯಲ್ಲಿ ಕತ್ತೆಯನ್ನು ಹುಡುಕಿದಳು.

ಕನ್ನಡಕದವನು ಮರುದಿನವೂ ಬಂದ. ಟೇಪು ಹಿಡಿದು ಕಣ್ಣಿಗೂ ಪರದೆಗೂ ಒಂದು ತೋಳಿನ ಅಂತರ ಅಳೆದ, ಕಿಟಕಿಯ ಬೆಳಕು ಬೀಳದಂತೆ ಮೇಜನ್ನು ತಿರುಗಿಸಿದ, ಅಡ್ಡಕ್ಕಿದ್ದ ಪರದೆಯನ್ನೇ ತಿರುಗಿಸಿ ಉದ್ದಕ್ಕೆ ನಿಲ್ಲಿಸಿದ. ಅದೀಗ ಥೇಟ್ ಪುಸ್ತಕದ ಪುಟ! ಮೌಸು ಎಡಗೈಗೆ ಹೋಯಿತು, ಬಲಗೈಯಲ್ಲಿ ಕೆಂಪು ಪೆನ್ನಿಲ್ಲದೆ ಆಕೆಗೆ ಓದಲು ಬರುವುದಿಲ್ಲ. ವೈರು ಸಿಕ್ಕಿಸುವ ಹಕ್ಕು ಮಾತ್ರ ಗಂಡನದೇ. ಅವನು ಸಿಕ್ಕಿಸಿದ ಮೇಲೂ ಪರದೆ ಕಪ್ಪಗೇ ಇತ್ತು. ಮೂವರೂ ತಲೆ ಕೆಡಿಸಿಕೊಂಡ ಮೇಲೆ ಸ್ವಿಚ್ಚು ಹಾಕಿಲ್ಲವೆಂದು ಗೊತ್ತಾಯಿತು.

ಎರಡನೇ ಓದಿನಲ್ಲಿ ಇನ್ನೂ ಹದಿನಾಲ್ಕು ತಪ್ಪು ಸಿಕ್ಕವು. ಮಾಲೀಕರು ಮುಂದಿನ ಪುಸ್ತಕ ಕಳಿಸಿದರು. ಒತ್ತಕ್ಕ ಕನ್ನಡಕದಂಗಡಿಗೆ ಹೋಗಿ, "ನನ್ನ ಹೆಸರು ಉಳಿಸಿಕೊಟ್ರಿ," ಎಂದಳು. ಮನೆಗೆ ಬಂದು ಗೋಡೆಗೆ ಮರಳಿದ್ದ ಟೀವಿಯನ್ನು ತಾನೇ ಒರೆಸಿ, ಗಂಡನ ಪಕ್ಕ ಕೂತು, ಒಂದೂ ಅರ್ಥವಾಗದ ಆಟವನ್ನು ಕೊನೆಯವರೆಗೂ ನೋಡಿದಳು.

ಹೆಡ್ಮೇಷ್ಟ್ರ ಪುಸ್ತಕ ಅಂಚೆಯಲ್ಲಿ ಬಂತು. ಒಳಪುಟದಲ್ಲಿ ಅವರದೇ ಕೈಬರಹ: 'ನನ್ನ ಕತೆಯನ್ನು ತಿದ್ದಿ ತೀಡಿದ ಒತಕ್ಕನಿಗೆ, ಕೃತಜ್ಞತೆಯಿಂದ.'

ಒತಕ್ಕ! ಆಕೆಯ ಕೈ ತಾನಾಗಿ ಕೆಂಪು ಪೆನ್ನಿನ ಮುಚ್ಚಳ ತೆಗೆಯಿತು.

"ಏನು, ಒತ್ತಿಲ್ವಾ?" ಎಂದ ಗಂಡ.

ಆಕೆ ಇನ್ನೊಮ್ಮೆ ಓದಿದಳು, ಕಣ್ಣು ಒರೆಸಿಕೊಂಡಳು, ಪೆನ್ನಿನ ಮುಚ್ಚಳ ಹಾಕಿದಳು. "ಎಲ್ಲ ಸರಿಯಾಗಿದೆ," ಎಂದಳು.