ಸೀಟಿ ಅಂಜನಕ್ಕನ ಟಾಸ್

ಅಂಜನಾ ಕಲಾದಗಿಯ ಹೈಸ್ಕೂಲಿನ ಪಿಟಿ ಟೀಚರು. ಆದರೆ ಬಾದಾಮಿಯಿಂದ ಹುನಗುಂದದವರೆಗೆ ಕಬಡ್ಡಿ ಆಡುವವರಿಗೆಲ್ಲ ಆಕೆ ಅಂಪೈರ್ 'ಸೀಟಿ ಅಂಜನಕ್ಕ'. ಆಕೆ ಸೀಟಿ ಊದಿದಳೆಂದರೆ ಯಾವ ಸಾಹುಕಾರನ ಮಗನಾದರೂ ತೆಪ್ಪಗೆ ಹೊರಗೆ ನಡೆಯಬೇಕು.

ಅಂಥವಳು ಇಳಕಲ್ಲಿನ ಫೈನಲ್‌ನಲ್ಲಿ ಎಡವಿದಳು. ಹುಡುಗನೊಬ್ಬ ಬದಿಯ ಗೆರೆ ದಾಟಿದ್ದು ನೆರೆದವರಿಗೆಲ್ಲ ಕಂಡಿತು, ಆಕೆಗೊಬ್ಬಳಿಗೆ ಕಾಣಲಿಲ್ಲ. "ಎಷ್ಟ ರೊಕ್ಕಾ ತಿಂದೀಯವಾ?" ಎಂದು ಯಾರೋ ಕೂಗಿದರು. ಆ ಮಾತು ಎದೆಗೆ ನಾಟಿತು ನಿಜ, ಆದರೆ ಆಕೆಯ ಜೀವ ಹಾರಿದ್ದು ಬೇರೆಯದಕ್ಕೆ. ಮೂಗಿನ ನೇರಕ್ಕೆ ಇದ್ದದ್ದೆಲ್ಲ ಕಾಣುತ್ತಿತ್ತು. ಎಡಕ್ಕೂ ಬಲಕ್ಕೂ ಏನೂ ಇರಲಿಲ್ಲ.

ಬಾಗಲಕೋಟೆಯ ದವಾಖಾನೆಯಲ್ಲಿ ಡಾಕ್ಟರ್ ಪ್ರಿಯದರ್ಶಿನಿ, "ಮುಟ್ಟು ನಿಂತಾವೇನ್ರಿ? ಎದಿಯಾಗ ಹಾಲ ಬರ್ತೈತೇನು?" ಎಂದು ಕೇಳಿದಾಗ ಅಂಜನಾ ಬೆಚ್ಚಿಬಿದ್ದಳು. ಮದುವೆಯಾಗದವಳು, ಎರಡನ್ನೂ ಹೆತ್ತವ್ವನಿಗೂ ಹೇಳದೆ ಮುಚ್ಚಿಟ್ಟಿದ್ದಳು. ಸ್ಕ್ಯಾನ್ ಎಲ್ಲ ಬಯಲು ಮಾಡಿತು. ಮೆದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ಗ್ರಂಥಿಯಲ್ಲಿ ಗಡ್ಡೆ ಎದ್ದಿತ್ತು. ಹಾಲಿನ ಹಾರ್ಮೋನು ಉಕ್ಕಿಸುತ್ತಿದ್ದುದೂ ಅದೇ, ಕಣ್ಣಿನ ನರ ಒತ್ತುತ್ತಿದ್ದುದೂ ಅದೇ.

"ಕ್ಯಾನ್ಸರ್ ಅಲ್ರಿ, ಹೆದರಬ್ಯಾಡ್ರಿ," ಎಂದರು ಡಾಕ್ಟರು. "ಗುಳಿಗಿಲೇ ಕರಗಸಬಹುದು, ಇಲ್ಲಾ ಆಪರೇಷನ್ ಮಾಡಿ ತಗೀಬಹುದು. ಮೊದಲ ಯಾವುದು ಮಾಡಿದ್ರ ಕಣ್ಣ ಚಲೋ ಆಗ್ತಾವ ಅಂತ ನಾವು ಸಂಶೋಧನಾ ಮಾಡಾಕತ್ತೇವಿ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಆರಿಸ್ತೈತಿ, ನನ್ನ ಕೈಯಾಗಿಲ್ಲ. ಸೇರಾಕ ಮನಸಿಲ್ಲಂದ್ರೂ ಇಲಾಜ ನಿಲ್ಲಂಗಿಲ್ಲ."

ಪಕ್ಕದಲ್ಲೇ ಕೂತಿದ್ದ ಅವ್ವ ರೇಣವ್ವ ತಟ್ಟನೆ ಎದ್ದಳು. "ಆ ಡಬ್ಬಿಗೇನ ತಿಳೀತೈತಿ? ನಮ್ಮ ದೇವರು ಬೀರಪ್ಪನ್ನ ಕೇಳೂಣು. ಬಲಕ ಹೂ ಬಿದ್ರ ಗುಳಿಗಿ, ಎಡಕ ಬಿದ್ರ ಆಪರೇಷನ್."

ಅಂಜನಾಗೆ ಒಂದು ವಾರದಲ್ಲಿ ಮೊದಲ ಸಲ ನಗು ಬಂತು. "ಅವ್ವಾ, ಇದು ಟಾಸ್ ಇದ್ದಂಗ. ಬೇಕಾದ್ದು ಆರಿಸ್ಕೊಂಡ್ರ ಆಟ ಹೆಂಗಾತು? ಇಷ್ಟ ವರ್ಷ ಮಂದಿಗೆ ಟಾಸ್ ಹಾಕೇನಿ, ಈಗ ನನ್ನ ಪಾಳಿ. ನಾ ಸೇರ್ತೇನಿ."

ರೇಣವ್ವ ಸೋಲುವ ಪೈಕಿಯವಳಲ್ಲ. ಸೆರಗಿನ ಗಂಟಿನಿಂದ ಬೀರಪ್ಪನ ಭಂಡಾರದ ಅರಿಶಿನ ತೆಗೆದು ಕಂಪ್ಯೂಟರಿನ ಹಣೆಗೇ ಹಚ್ಚಿಬಿಟ್ಟಳು. ಡಾಕ್ಟರು ನೋಡಿಯೂ ನೋಡದವರಂತೆ ಗುಂಡಿ ಒತ್ತಿದರು. ಪರದೆಯ ಮೇಲೆ ಗುಳಿಗೆ ಎಂದು ಬಂತು.

ಗುಳಿಗೆಯೇನು ಸುಮ್ಮನೆ ಬಿಟ್ಟೀತೇ? ತಲೆ ಗಿರ್ ಎಂದಿತು, ಉಂಡದ್ದೆಲ್ಲ ವಾಂತಿಯಾಯಿತು. ಕಣ್ಣು ಸುಧಾರಿಸದಿದ್ದರೆ ಮುಂದೆ ಆಪರೇಷನ್ನೇ ಗತಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ತಪಾಸಣೆಯ ದಿನ ಅವ್ವನನ್ನು ಹೊರಗೆ ಕೂರಿಸಿ ಅಂಜನಾ ಒಳಗೆ ಹೋದಳು.

"ನನ್ನ ಮೂಗ ನೋಡ್ರಿ, ಅತ್ತಿತ್ತ ಹೊಳ್ಳಬ್ಯಾಡ್ರಿ," ಎಂದು ಡಾಕ್ಟರು ಎರಡೂ ಕೈ ಚಾಚಿದರು. "ಯಾವ ಬೆರಳ ಅಳ್ಳಾಡ್ತೈತಿ?"

"ಬಲಗಡಿದು." ಬೆರಳು ಬದಲಾಯಿತು. "ಈಗ ಎಡಗಡಿದು. ಈಗ ಎರಡೂ."

ಡಾಕ್ಟರು ಕೈ ಇಳಿಸಿದರು. "ಒಬ್ಬರಿಂದ ಸಂಶೋಧನಾ ಮುಗಿಯಂಗಿಲ್ರಿ. ಆದ್ರ ನನಗ ಭಾಳ ಖುಷಿ ಆತು."

ಅಂಜನಾ ಇನ್ನೂ ಅವರ ಮೂಗನ್ನೇ ನೋಡುತ್ತಿದ್ದಳು. ಕುತ್ತಿಗೆ ಹೊರಳಿಸಲಿಲ್ಲ.

"ಮೇಡಂ, ಬಲಗಡಿ ಬಾಗಲದಾಗ ಯಾರೋ ನಿಂತಾರ್ರಿ. ಹಸರ ಸೀರಿ. ಬಾಯಿಗೆ ಸೆರಗ ಒತ್ತಿಕೊಂಡು ಅಳಾಕತ್ತಾರ. ಅವ್ವಾ, ಒಳಗ ಬಾ."