ಗುಂಡಿ ತುಂಬುವ ಮೊದಲು

ಸಂಭಾಜಿನಗರದ ಹೊರಗಿನ ಶೇಂದ್ರಾದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಬಂದ ವಿದ್ಯಾವತಿಗೆ ಕೂತರೆ ಏಳಲಾಗದಷ್ಟು ದಣಿವು. ಆದರೂ ಆ ಭಾನುವಾರ ಮಲಗಲಿಲ್ಲ. ಕೂಲಿಕಾರರ ಶೆಡ್ಡುಗಳ ಹಿಂದೆ ಪಾಯಕ್ಕೆಂದು ತೋಡಿ ಬಿಟ್ಟ ಗುಂಡಿಯಿದೆ. ಹೋದ ಮಳೆಗಾಲದಲ್ಲಿ ಅದೇ ಶೆಡ್ಡಿನ ಕೂಲಿ ಮಾಳಪ್ಪನ ಹಿರಿಮಗಳು ಅದರಲ್ಲೇ ಮುಳುಗಿ ಸತ್ತಳು. ಗುತ್ತಿಗೆದಾರ ಎಚ್ಚರಿಕೆಯ ಫಲಕ ನೆಟ್ಟು ಕೈತೊಳೆದುಕೊಂಡ. ಶೆಡ್ಡಿನಲ್ಲಿ ಅದನ್ನು ಓದಬಲ್ಲವರಿಲ್ಲ. ಮಳೆಗೆ ಇನ್ನು ಹತ್ತು ದಿನ. ಅಷ್ಟರೊಳಗೆ ಅಲ್ಲಿನ ಹನ್ನೆರಡು ಮಕ್ಕಳಿಗೆ ತೇಲಲಾದರೂ ಬರಬೇಕು.

ಅವಳು ಹುಟ್ಟಿದ್ದು ನಾಶಿಕದಲ್ಲಿ, ಕಲಬುರಗಿಯಿಂದ ದುಡಿಯಲು ಬಂದವರ ಗುಡಿಸಲಲ್ಲಿ. ಈಜು ಪಂಚವಟಿಯ ಗೋದಾವರಿಯಲ್ಲಿ ಬಂತು. ಅಪ್ಪನ ತಂಡ ಕಡಲ ದಂಡೆಗೆ ಕಲ್ಲು ಹಾಕಲು ಮಂಗಳೂರಿನ ಕಡೆ ಹೋದಾಗ ಹಲಗೆಯ ಮೇಲೆ ನಿಂತು ಅಲೆ ಏರುವುದನ್ನು ಕಲಿತಳು. ಸರ್ಫಿಂಗ್ ಎಂಬ ಆ ಆಟದಲ್ಲಿ ಎರಡು ಸಲ ದೇಶಕ್ಕೇ ಮೊದಲಿಗಳಾದಳು. ಆಮೇಲೆ ಮೊಣಕಾಲು ಹೋಯಿತು, ಸನ್ಮಾನದ ಶಾಲುಗಳು ಉಳಿದವು. ಅವನ್ನು ಚಳಿಗೆ ಶೆಡ್ಡಿನ ಮಕ್ಕಳು ಹೊದೆಯುತ್ತಾರೆ.

ಬೀದರ್ ಕಡೆಯ ವ್ಯಾಪಾರಿ ಮನ್ಮಥಪ್ಪ ಸಂಭಾಜಿನಗರದ ಕ್ಲಬ್ಬೊಂದರ ಕಾರ್ಯದರ್ಶಿ. ಅಲೆ ಏರುವ ಅವಳ ಹಲಗೆಯನ್ನು ಅವಳ ಕೈಯಲ್ಲೇ ಹಿಡಿಸಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಡಮಕ್ಕಳ ಉಚಿತ ಈಜು ತರಬೇತಿಯನ್ನು ಎರಡು ಸಲ ಉದ್ಘಾಟಿಸಿದ್ದ. ಎರಡೂ ಸಲ ಫೋಟೋ ಮುಗಿದೊಡನೆ, ನೀರು ಬದಲಿಸಬೇಕೆಂದು ಈಜುಕೊಳದ ಗೇಟು ಹಾಕಿಸಿದ. ಒಂದು ಮಗುವಿನ ಅಂಗಾಲೂ ನೆನೆಯಲಿಲ್ಲ. ಪೇಪರಿನಲ್ಲಿ ಮಾತ್ರ ಎಲ್ಲರೂ ಈಜು ಕಲಿತಿದ್ದರು.

ಮೂರನೆಯ ಉದ್ಘಾಟನೆ ಆ ಭಾನುವಾರ ಬೆಳಿಗ್ಗೆ ಹತ್ತಕ್ಕಿತ್ತು. ಈ ಸಲ ಅವಳು ಹಲಗೆಯನ್ನು ಮನೆಯಲ್ಲೇ ಬಿಟ್ಟು, ಏಳಕ್ಕೇ ಮಕ್ಕಳನ್ನು ಕ್ಲಬ್ಬಿಗೆ ಕರೆತಂದಳು. ಕಾವಲುಗಾರ ಮಹಿಬೂಬ ಏನೂ ಕೇಳದೆ ಗೇಟು ತೆಗೆದ. ಒಂದೊಂದು ಮಗುವನ್ನೂ ನೀರಿನ ಮೇಲೆ ಅಂಗಾತ ಮಲಗಿಸಿ, ಬೆನ್ನ ಕೆಳಗೆ ಅಂಗೈ ಕೊಟ್ಟು, ಗೊತ್ತಾಗದ ಹಾಗೆ ಕೈ ತೆಗೆಯುತ್ತ ಹೋದಳು. ಹತ್ತರ ಹೊತ್ತಿಗೆ ಒಂಬತ್ತು ಮಕ್ಕಳು ತೇಲಿದರು.

ಮನ್ಮಥಪ್ಪ ದಂಡೆಗೆ ಬಂದ. “ತಂಗಿ, ಪಾವಣ್ಯಾರು ಬಂದಾರ. ಹಲಗಿ ಎಲ್ಲದ? ಮ್ಯಾಲ ಬಾ, ಫೋಟೋ ಆಗಲಿ.”

“ನೀವು ತಕ್ಕೋರಿ ಅಣ್ಣಾರ. ಮೂರು ಇನ್ನಾ ಮುಳಗ್ತಾವ.”

“ಹಿಂಗ ಮಾಡಿದ್ರ ನಾಳಿಂದ ಗೇಟು ತೆಗಿಯಾಂಗಿಲ್ಲ ನೋಡು.”

“ಎರಡು ಸಲ ನೀವು ಹೇಳಿದಂಗ ಕೇಳಿದ್ನಲ್ರಿ. ಆಗೂ ತೆಗಿಲಿಲ್ಲ.”

ಅತಿಥಿಗಳು ನೀರಿಗೆ ಬೆನ್ನು ಹಾಕಿ ನಿಂತು ಫೋಟೋ ತೆಗೆಸಿಕೊಂಡು ಹೋದರು. ಹನ್ನೊಂದಕ್ಕೆ ಇನ್ನಿಬ್ಬರು ತೇಲಿದರು. ಉಳಿದವಳು ಮಾಳಪ್ಪನ ಕಿರಿಮಗಳು. ಅವಳು ವಿದ್ಯಾವತಿಯ ಕೊರಳನ್ನು ಬಿಡಲೊಲ್ಲಳು. ಮನ್ಮಥಪ್ಪ ಗೇಟು ಹಾಕಲು ಹೇಳಿಕಳಿಸಿದ್ದಾನೆಂದು ಮಹಿಬೂಬ ಬಂದು ತಿಳಿಸಿದ. ಹುಡುಗಿಯನ್ನು ನೋಡಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

“ಕೀಲಿ ಸಿಕ್ಕಿಲ್ಲಂತ ಹೇಳ್ತೀನಕ್ಕಾ. ಬಾಳ ಹೊತ್ತು ಆಗಾಂಗಿಲ್ಲ.”

ವಿದ್ಯಾವತಿಯ ಮೊಣಕಾಲು ಸುಡುತ್ತಿತ್ತು. ಕೊರಳಿನ ಕೈಗಳನ್ನು ಬಿಡಿಸಲು ಹೋಗದೆ, ಪುಟ್ಟ ಬೆನ್ನಿನ ಕೆಳಗೆ ಅಂಗೈ ಕೊಟ್ಟು, “ಮ್ಯಾಲ ನೋಡವ್ವಾ,” ಅಂದಳು.