ಲುಂಗಿ ತುಂಡುಗಳ ಲೆಕ್ಕ

ಏಳು ತುಂಡು ಎಂದೇ ನನ್ನ ನೆನಪು. ಆದರೆ ಈ ಏಳನ್ನು ಆಮೇಲೆ ನಾನೇ ಹುಟ್ಟಿಸಿಕೊಂಡಿರಬಹುದು. ನೆನಪಿಗೇನು, ಯಜಮಾನನನ್ನು ಕಾಪಾಡುವುದೂ ಅದರ ಕೆಲಸವೇ.

ಅಣ್ಣನ ಹಳೆಯ ಲಾರಿ ಎಣ್ಣೆ ಕುಡಿದು ನೀಲಿ ಹೊಗೆ ಬಿಡುತ್ತಿತ್ತು. ಎಂಜಿನ್ ಪೂರ್ತಿ ಬಿಚ್ಚಬೇಕು. ಗ್ಯಾರೇಜು ಯಾಕೆ, ಮನೆಯಲ್ಲೇ ಮಾಡಿಸಿದರೆ ಕಣ್ಣೆದುರಿಗೆ ಕೆಲಸ! (ನಮ್ಮ ಕಣ್ಣಿನ ಮೇಲೆ ನಮಗೆ ಎಷ್ಟು ನಂಬಿಕೆ.) ಬೆಳಂಬಾರದ ನಮ್ಮ ಅಂಗಳದಲ್ಲಿ ಚೈನ್ ಕಪ್ಪಿ ಕಟ್ಟಿ ಎಂಜಿನ್ ಇಳಿಸಿದೆವು.

ಮಧ್ಯಾಹ್ನವಾದರೆ ಅಲ್ಲಿ ಕಡಲ ಗಾಳಿ ಮರಳು ತರುತ್ತದೆ. ಶಿರವಾಡದಿಂದ ಬಂದ ಮೇಸ್ತ್ರಿ ಪಾಂಡುರಂಗ ಒಂದು ಹಳೆ ಲುಂಗಿ ಕೇಳಿ ಪಡೆದು, ಹರಿದು, ಎಂಜಿನ್ನಿನಲ್ಲಿ ಎಣ್ಣೆ ಹರಿಯುವ ತೂತುಗಳಿಗೆಲ್ಲ ಮರಳು ಹೋಗದಂತೆ ತುರುಕಿದ.

"ಎಣಿಸ್ಕಳಿ ಮಾರಾಯ್ರೇ. ಒಂದು ತುಂಡು ಒಳಗೆ ಉಳೀತು ಅಂದ್ರೆ ಎಂಜಿನ್ ಹೋಯ್ತು."

"ನಮ್ಮ ತಮ್ಮ ಪೇಪರಿಗೆ ಬರೀತಾನೆ. ಎಣಿಸೂಕೆ ಬರೂದಿಲ್ವಾ ಅವಂಗೆ?" ಎಂದು ಅಣ್ಣ ನಕ್ಕ.

ರಿಪೇರಿ ಮುಗಿದು ಎಂಜಿನ್ ಮುಚ್ಚುವ ದಿನ ಮೇಸ್ತ್ರಿಯ ಫೋನು. ಮಂಜಗುಣಿಯಲ್ಲಿ ಯಾರದೋ ಬೋಟು ಕೆಟ್ಟಿದೆ, ನಾಳೆ ಬರುತ್ತೇನೆ ಎಂದ. ಅಣ್ಣ ತಿಂಗಳಿಂದ ಲಾರಿಯಿಲ್ಲದೆ ಕೂತಿದ್ದ.

"ಮುಚ್ಚೂದೇ ಅಲ್ವಾ ತಮಾ? ನಾವೇ ಮುಚ್ವಾ."

ತುಂಡುಗಳನ್ನು ಎಳೆದವನು ನಾನು. "ಎಲ್ಲಾ ಬಂತನೋ?" ಎಂದ ಅಣ್ಣ. "ಬಂತು" ಎಂದೆ. ಎಣಿಸಿ ಹೇಳಿದೆನೋ, ಹೇಳಿ ಎಣಿಸಿದೆನೋ? ಗ್ರೀಸ್ ಮೆತ್ತಿದ ಬೆರಳು ಕಾಣುತ್ತದೆ. ಅತ್ತಿಗೆ ಚಹಾಕ್ಕೆ ಕರೆದದ್ದು ಕೇಳುತ್ತದೆ. ನಡುವಿನದು ಖಾಲಿ.

ಮೂರನೇ ಟ್ರಿಪ್ಪು. ಚಿರೆಕಲ್ಲು ತುಂಬಿದ ಲಾರಿ ಅರಬೈಲ್ ಘಟ್ಟ ಹತ್ತುವಾಗ ಎಂಜಿನ್ ಹಿಡಿದುಕೊಂಡು ನಿಂತೇಬಿಟ್ಟಿತು. (ಎಣ್ಣೆ ತೋರಿಸುವ ಮೀಟರಿನ ಮುಳ್ಳು ಎಂದೋ ಸತ್ತಿತ್ತು. ಅದು ಮನೆಯವರಿಗೆಲ್ಲ ಗೊತ್ತಿತ್ತು.) ಕಟ್ಟಿ ಎಳೆಸಿ ಮತ್ತೆ ಅಂಗಳಕ್ಕೇ ತಂದರು.

"ಬಿಚ್ಚಿ ನೋಡ್ವಾ. ಎಂತಕ್ಕೆ ಹಿಡೀತು ಅಂತ ಗೊತ್ತಾಗ್ತದೆ" ಎಂದ ಪಾಂಡುರಂಗ, ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದೇ.

ಅಣ್ಣ ನನ್ನ ಕಡೆ ನೋಡಿದ. ನೋಡಿದ ಎಂದೇ ಅನಿಸುತ್ತದೆ.

"ಬೇಡ. ನೋಡಿ ಎಂತ ಮಾಡೂದು?"

ಬಿಚ್ಚದ ಎಂಜಿನ್ನಿನ ಸಮೇತ ಲಾರಿ ಗುಜರಿಗೆ ಹೋಯಿತು.

ಸ್ವಂತ ಲಾರಿಯಲ್ಲಿ ತಲೆ ನರೆಸಿಕೊಂಡವನು ಈಗ ಕಾರವಾರದಲ್ಲಿ ಇನ್ನೊಬ್ಬರ ಟಿಪ್ಪರಿನ ಡ್ರೈವರ್. ಕಳೆದ ಭಾನುವಾರ ನನ್ನ ಮನೆಗೆ ಊಟಕ್ಕೆ ಬಂದಿದ್ದ.

"ಮಾಲಕ ಬಾನೆಟ್ ಮುಟ್ಟೂಕೂ ಬಿಡೂದಿಲ್ಲ ತಮಾ. ನಂಗೆ ಎಂತದೂ ಗೊತ್ತಿಲ್ವಂತೆ" ಎಂದು ಬಂಗಡೆಯ ಮುಳ್ಳು ಬಿಡಿಸುತ್ತ ನಕ್ಕ.

ಅಂದು ಯಾಕೆ ಬೇಡವೆಂದೆ ಎಂದು ಆಗ ಕೇಳಬಹುದಿತ್ತು. ಇನ್ನೊಂದು ಸೌಟು ಅನ್ನ ಬಡಿಸಿದೆ. ಮನೆಯೊಳಗಿನ ಎಷ್ಟು ವಿಚಾರಣೆಗಳು ಹೀಗೆ ಊಟದಲ್ಲೇ ಮುಗಿಯುತ್ತವಲ್ಲ? ಹೊರಗಿನವನ ತಪ್ಪಾದರೆ ನಟ್ಟು ನಟ್ಟು ಬಿಚ್ಚಿ ನೋಡುತ್ತೇವೆ.

ಅವನು ಎಂಜಿನ್ ಬಿಚ್ಚಿಸದೆ ಬಿಟ್ಟದ್ದು ಬೇಸತ್ತೋ, ನನ್ನನ್ನು ಉಳಿಸಲಿಕ್ಕೋ? ನನಗೆ ಗೊತ್ತಿಲ್ಲ.